ತೀರ್ಪಿಗೆ ಮುಂಚೆ ತಡೆಹಿಡಿದ ಆಸ್ತಿ: ಆರೋಪಿ ಯಾವ ಪ್ರಶ್ನೆ ಕೇಳಬಹುದು?

ಫೆಡರಲ್ ಗ್ರ್ಯಾಂಡ್ ಜ್ಯೂರಿಯೊಂದು (ದೋಷಾರೋಪ ಹೊರಿಸಬೇಕೇ ಎಂದು ನಿರ್ಧರಿಸುವ ನಾಗರಿಕರ ಮಂಡಳಿ) ತಮ್ಮ ಬಗ್ಗೆ ತನಿಖೆ ನಡೆಸುತ್ತಿದೆ ಎಂದು 2005ರಲ್ಲಿ ತಿಳಿದಾಗ ಅಮೆರಿಕದ ಕೇಲಿ ದಂಪತಿ ವಕೀಲರನ್ನು ಗೊತ್ತುಮಾಡಿಕೊಂಡರು. ಮೊಕದ್ದಮೆ ಕೊನೆಯವರೆಗೆ ನಡೆದರೆ ಸುಮಾರು 5 ಲಕ್ಷ ಡಾಲರ್ ಬೇಕಾದೀತು ಎಂಬ ಅಂದಾಜು ಸಿಕ್ಕಿತು. ಮನೆಯ ಮೇಲೆ ಸಾಲ ತೆಗೆದು ಅಷ್ಟು ಹಣವನ್ನು ಅವರು ಬ್ಯಾಂಕಿನಲ್ಲಿ ಠೇವಣಿ ಇಟ್ಟರು. 2007ರ ಫೆಬ್ರುವರಿಯಲ್ಲಿ ಗ್ರ್ಯಾಂಡ್ ಜ್ಯೂರಿ ದೋಷಾರೋಪ ಹೊರಿಸಿತು. ಅದರ ಬೆನ್ನಿಗೇ ಸರ್ಕಾರ ನ್ಯಾಯಾಲಯದಿಂದ ಏಕಪಕ್ಷೀಯ ಆದೇಶ ಪಡೆದು ಆ ಠೇವಣಿಯನ್ನೂ ಸೇರಿಸಿ ಅವರ ಆಸ್ತಿಯನ್ನು ತಡೆಹಿಡಿಯಿತು. ವೈದ್ಯಕೀಯ ಉಪಕರಣಗಳ ಮಾರಾಟ ಪ್ರತಿನಿಧಿಯಾಗಿದ್ದ ಹೆಂಡತಿ ಆಸ್ಪತ್ರೆಗಳಿಂದ ಉಪಕರಣಗಳನ್ನು ಕದ್ದು, ಇತರರೊಂದಿಗೆ ಸೇರಿ ಮಾರಿ, ಬಂದ ಹಣವನ್ನು ಗಂಡನ ಜೊತೆ ಹಂಚಿಕೊಂಡಿದ್ದಾರೆ ಎಂಬುದು ಆರೋಪದ ತಿರುಳು.

ಈ ಪ್ರಕರಣವನ್ನು ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುವುದಕ್ಕೆ ಕಾರಣ ಆ ದಂಪತಿ ಎತ್ತಿದ ತಕರಾರಿನ ಸ್ವರೂಪ. ತಡೆಹಿಡಿದ ಹಣಕ್ಕೂ ಉಪಕರಣಗಳ ಮಾರಾಟಕ್ಕೂ ಸಂಬಂಧವಿಲ್ಲ ಎಂದು ಅವರು ವಾದಿಸಲಿಲ್ಲ, ಸಂಬಂಧವನ್ನು ಬಹುಮಟ್ಟಿಗೆ ಒಪ್ಪಿಕೊಂಡರು. ಅವರು ಹೇಳಿದ್ದು, ಆ ಮಾರಾಟವೇ ಅಪರಾಧವಲ್ಲ ಎಂದು. ಹೊಸ ಮಾದರಿ ಬಂದ ಮೇಲೆ ಬೇಡವಾದ ಹಳೆಯ ಸರಕನ್ನು ಆಸ್ಪತ್ರೆಯವರೇ ಕೊಟ್ಟಿದ್ದರು, ಆದ್ದರಿಂದ ಕಳವು ಎಂಬುದೇ ನಡೆದಿಲ್ಲ ಎಂಬುದು ಅವರ ನಿಲುವು. ಬೇರೆಯಾಗಿ ವಿಚಾರಣೆ ಎದುರಿಸಿದ ಸಹ ಆರೋಪಿಯೊಬ್ಬರನ್ನು ಜ್ಯೂರಿ ಕೆಲವೇ ಗಂಟೆಗಳ ಸಮಾಲೋಚನೆಯ ನಂತರ ಖುಲಾಸೆ ಮಾಡಿದ್ದರಿಂದ ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿರಲಿಲ್ಲ. ಹಣವನ್ನು ತಡೆಹಿಡಿದೇ ಇಡುವ ಮುನ್ನ, ಆರೋಪದಲ್ಲಿ ನಿಜಕ್ಕೂ ಹುರುಳಿದೆಯೇ ಎಂದು ನ್ಯಾಯಾಧೀಶರ ಮುಂದೆ ಒಮ್ಮೆ ಪ್ರಶ್ನಿಸಲು ಅವಕಾಶ ಕೊಡಿ ಎಂದಷ್ಟೇ ಅವರು ಕೇಳಿದರು. 2014ರ ಫೆಬ್ರುವರಿ 25ರಂದು ಅಮೆರಿಕದ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಆ ಅವಕಾಶವನ್ನು ನಿರಾಕರಿಸಿತು.

ಮುಂದೆ ಹೋಗುವ ಮೊದಲು ಪದಗಳ ಬಗ್ಗೆ ಒಂದು ಮಾತು. ನಮ್ಮ ಪತ್ರಿಕೆಗಳಲ್ಲಿ ‘ಆಸ್ತಿ ಮುಟ್ಟುಗೋಲು’ ಎಂಬ ಶೀರ್ಷಿಕೆ ಎರಡು ಬೇರೆ ಬೇರೆ ಸಂಗತಿಗಳಿಗೆ ಬಳಕೆಯಾಗುತ್ತದೆ. ತೀರ್ಪಿನ ನಂತರ ಆಸ್ತಿ ಶಾಶ್ವತವಾಗಿ ಸರ್ಕಾರದ ಪಾಲಾಗುವುದು ಒಂದು, ತೀರ್ಪು ಬರುವವರೆಗೆ ಅದನ್ನು ಮಾರದಂತೆ, ಖರ್ಚು ಮಾಡದಂತೆ, ಬೇರೆಯವರ ಹೆಸರಿಗೆ ವರ್ಗಾಯಿಸದಂತೆ ಕಟ್ಟಿಹಾಕುವುದು ಇನ್ನೊಂದು. ಈ ಲೇಖನದ ವಿಷಯ ಎರಡನೆಯದು. ಕಾನೂನಿನ ಕಣ್ಣಿನಲ್ಲಿ ಮಾಲೀಕತ್ವ ಇನ್ನೂ ಆರೋಪಿಯದೇ, ಅವನು ಇನ್ನೂ ನಿರಪರಾಧಿಯೇ. ಆದರೆ ಸುದ್ದಿ ಓದಿದವರ ಮನಸ್ಸಿನಲ್ಲಿ ಎರಡೂ ಕಲಸಿಹೋಗಿ, ಅಪರಾಧ ಸಾಬೀತಾದಂತೆಯೇ ಭಾಸವಾಗುತ್ತದೆ.

ತಡೆಹಿಡಿಯುವ ಅಧಿಕಾರವೇ ಬೇಡ ಎಂದು ಯಾರೂ ಗಂಭೀರವಾಗಿ ವಾದಿಸುವುದಿಲ್ಲ. ಬ್ಯಾಂಕಿನಲ್ಲಿರುವ ಹಣ ನಿಮಿಷಗಳಲ್ಲಿ ಹತ್ತಾರು ಖಾತೆಗಳನ್ನು ದಾಟುತ್ತದೆ, ನಿವೇಶನ ಬಂಧುವೊಬ್ಬರ ಹೆಸರಿಗೆ ಹೋಗುತ್ತದೆ, ವಿಚಾರಣೆ ಮುಗಿಯುವ ಹೊತ್ತಿಗೆ ವಂಚನೆಗೊಳಗಾದವರಿಗೆ ಹಿಂದಿರುಗಿಸಲು ಏನೂ ಉಳಿದಿರುವುದಿಲ್ಲ. ಮೊದಲ ಆದೇಶ ಆರೋಪಿಗೆ ತಿಳಿಸದೆಯೇ ಹೊರಡಬೇಕು ಎಂಬುದಕ್ಕೂ ಇದೇ ಕಾರಣ, ಏಕೆಂದರೆ ಮುನ್ಸೂಚನೆ ಕೊಟ್ಟು ಖಾತೆ ತಡೆಹಿಡಿಯುವುದು ಹಕ್ಕಿಗೆ ಹೇಳಿ ಬಲೆ ಬೀಸಿದಂತೆ. ನಿಜವಾದ ವಿವಾದ ಹುಟ್ಟುವುದು ಆದೇಶದ ಮರುದಿನ. ಆ ಹೊತ್ತಿಗೆ ಆಸ್ತಿ ಭದ್ರವಾಗಿದೆ, ಅಚ್ಚರಿಯ ಅಗತ್ಯ ತೀರಿದೆ. ಈಗ ಆರೋಪಿಯ ಮಾತನ್ನು ಯಾವಾಗ, ಯಾರ ಮುಂದೆ, ಯಾವ ಪ್ರಶ್ನೆಯ ಮೇಲೆ ಕೇಳಬೇಕು?

ಪ್ರಶ್ನೆಗಳು ಎರಡು. ಈ ಆಸ್ತಿಗೂ ಆ ಅಪರಾಧಕ್ಕೂ ಸಂಬಂಧವಿದೆಯೇ ಎಂಬುದು ಒಂದು. ಅಪರಾಧ ನಡೆದಿದೆ ಎಂದು ನಂಬಲು ಕಾರಣವಿದೆಯೇ ಎಂಬುದು ಇನ್ನೊಂದು. ಅಮೆರಿಕದ ಕೆಳ ನ್ಯಾಯಾಲಯಗಳು ಸಾಮಾನ್ಯವಾಗಿ ಮೊದಲನೆಯದನ್ನು ಕೇಳಲು ಬಿಡುತ್ತವೆ, ಕೇಲಿ ಪ್ರಕರಣ ಎರಡನೆಯದಕ್ಕೆ ಬಾಗಿಲು ಹಾಕಿತು. ಆ ಪ್ರಶ್ನೆಯನ್ನು ಗ್ರ್ಯಾಂಡ್ ಜ್ಯೂರಿ ಈಗಾಗಲೇ ತೀರ್ಮಾನಿಸಿದೆ ಎಂಬುದು ಅದಕ್ಕೆ ಕೊಟ್ಟ ಕಾರಣ. ಗ್ರ್ಯಾಂಡ್ ಜ್ಯೂರಿ ಎಂದರೆ ತೀರ್ಪು ಕೊಡುವ ಜ್ಯೂರಿ ಅಲ್ಲ. 16ರಿಂದ 23 ಮಂದಿ ನಾಗರಿಕರು ಗುಪ್ತವಾಗಿ ಕೂತು ಪ್ರಾಸಿಕ್ಯೂಟರ್ ಮುಂದಿಟ್ಟ ಸಾಕ್ಷ್ಯವನ್ನು ಮಾತ್ರ ನೋಡುತ್ತಾರೆ. ಅಲ್ಲಿ ನ್ಯಾಯಾಧೀಶರು ಇರುವುದಿಲ್ಲ, ಆರೋಪಿಯ ಪರ ವಕೀಲರಿರುವುದಿಲ್ಲ, ಬೇರೆಯವರಿಂದ ಕೇಳಿದ ಮಾತೂ ಸಾಕ್ಷ್ಯವಾಗಿ ನಡೆಯುತ್ತದೆ, ಆರೋಪಿಗೆ ಅನುಕೂಲವಾದ ಸಾಕ್ಷ್ಯವನ್ನು ಮುಂದಿಡಬೇಕೆಂಬ ಸಾಂವಿಧಾನಿಕ ಕಟ್ಟುಪಾಡೂ ಪ್ರಾಸಿಕ್ಯೂಟರ್‌ಗೆ ಇಲ್ಲ. ಹನ್ನೆರಡು ಮಂದಿ ಹೂಂ ಎಂದರೆ ದೋಷಾರೋಪ ಸಿದ್ಧ.

ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಎಲೆನಾ ಕೇಗನ್ ಅವರ ತರ್ಕವನ್ನು ನ್ಯಾಯವಾಗಿಯೇ ಹೇಳಬೇಕು, ಏಕೆಂದರೆ ಅದು ದುರ್ಬಲವಾದ ತರ್ಕವಲ್ಲ. ಗ್ರ್ಯಾಂಡ್ ಜ್ಯೂರಿಯ ನಿರ್ಣಯದ ಆಧಾರದ ಮೇಲೆ ಒಬ್ಬ ಮನುಷ್ಯನನ್ನು ಬಂಧಿಸಬಹುದಾದರೆ, ಅದೇ ಆಧಾರದ ಮೇಲೆ ಅವನ ಠೇವಣಿಯನ್ನು ತಡೆಹಿಡಿಯಲಾಗದೇ? ನ್ಯಾಯಾಧೀಶರು ಆರೋಪಕ್ಕೆ ಆಧಾರವಿಲ್ಲ ಎಂದು ಹಣ ಬಿಟ್ಟುಕೊಟ್ಟರೆ, ಅದೇ ಆಧಾರವಿಲ್ಲದ ಆರೋಪದ ಮೇಲೆ ವಿಚಾರಣೆ ಮಾತ್ರ ಮುಂದುವರಿಯುತ್ತದೆ, ಒಂದೇ ಮೊಕದ್ದಮೆಯಲ್ಲಿ ಹೀಗೆ ಎರಡು ನಾಲಿಗೆ ಇರಬಹುದೇ? ಅಲ್ಲದೆ ಇಂಥ ಕಿರು ವಿಚಾರಣೆಯಲ್ಲಿ ಪ್ರಾಸಿಕ್ಯೂಷನ್ ತನ್ನ ಸಾಕ್ಷಿಗಳನ್ನು ಮುಂಚಿತವಾಗಿ ಬಯಲು ಮಾಡಬೇಕಾಗುತ್ತದೆ. ಕೊನೆಯದಾಗಿ, ಈ ಅವಕಾಶ ಮೊದಲೇ ಜಾರಿಯಲ್ಲಿದ್ದ ಕೆಲವು ಫೆಡರಲ್ ನ್ಯಾಯಾಲಯ ವಲಯಗಳ ಅನುಭವವನ್ನು ಅವರು ಎತ್ತಿದರು: ಎರಡು ದಶಕಗಳಲ್ಲಿ ಅಲ್ಲಿ ವರದಿಯಾದ ಇಂಥ ವಿಚಾರಣೆಗಳಲ್ಲಿ ಆಧಾರವಿಲ್ಲ ಎಂಬ ಕಾರಣಕ್ಕೆ ಆರೋಪಿ ಗೆದ್ದ ಉದಾಹರಣೆಯೇ ಸಿಗಲಿಲ್ಲ. ಗೆಲ್ಲಲಾಗದ ವಿಚಾರಣೆಯಿಂದ ಏನು ಪ್ರಯೋಜನ ಎಂಬುದು ಅದರ ಧ್ವನಿ.

ಭಿನ್ನಮತ ಬರೆದವರು ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್. ಉದಾರವಾದಿ ಬಣದಲ್ಲಿ ಎಣಿಸಲ್ಪಟ್ಟಿದ್ದ ನ್ಯಾಯಮೂರ್ತಿಗಳಾದ ಬ್ರೇಯರ್ ಮತ್ತು ಸೊಟೊಮಯೊರ್ ರಾಬರ್ಟ್ಸ್ ಜೊತೆ ನಿಂತರು. ಈ ವಿಷಯದಲ್ಲಿ ಎಡ–ಬಲದ ಸಾಮಾನ್ಯ ಗೆರೆಗಳು ಅಳಿಸಿಹೋಗುತ್ತವೆ ಎಂಬುದು ಗಮನಿಸತಕ್ಕ ಸಂಗತಿ. ಬಂಧನದ ಹೋಲಿಕೆ ಪೂರ್ತಿ ಸರಿಯಲ್ಲ, ಏಕೆಂದರೆ ಬಂಧಿತನಿಗೆ ಜಾಮೀನಿನ ವಿಚಾರಣೆ ಇದೆ, ಅಲ್ಲಿ ಸಾಕ್ಷ್ಯದ ತೂಕವನ್ನು ಅವನು ಪ್ರಶ್ನಿಸಬಹುದು ಎಂದು ಅವರು ತೋರಿಸಿದರು. ಸಾಕ್ಷಿಗಳು ಬಯಲಾಗುವ ಭಯವಿದ್ದರೆ ಸರ್ಕಾರ ಹಣವನ್ನು ಬಿಟ್ಟುಬಿಡಬಹುದು, ಆಯ್ಕೆ ಅದರ ಕೈಯಲ್ಲೇ ಇದೆ. ಮೊಕದ್ದಮೆ ಹೂಡುವ ಪಕ್ಷವೇ ಎದುರಾಳಿಯ ವಕೀಲನನ್ನು ಕಳಚಿಹಾಕುವ ಅಧಿಕಾರವನ್ನೂ ಹೊಂದಿದ್ದು, ಆ ಎದುರಾಳಿಗೆ ಒಂದು ಮಾತಾಡುವ ಅವಕಾಶವೂ ಇಲ್ಲದಿದ್ದರೆ ಇಡೀ ವ್ಯವಸ್ಥೆಯ ಪ್ರಾಮಾಣಿಕತೆಗೆ ಅದಕ್ಕಿಂತ ದೊಡ್ಡ ಪೆಟ್ಟು ಇಲ್ಲ ಎಂಬುದು ಅವರ ವಾದದ ಸಾರ.

ಬಹುಮತದ ಕೊನೆಯ ಕಾರಣವನ್ನು ಮಾತ್ರ ನಾನು ಬೇರೆ ರೀತಿ ಓದುತ್ತೇನೆ. ಯಾವ ಆರೋಪಿಯೂ ಗೆಲ್ಲಲಿಲ್ಲ ಎಂಬುದು ವಿಚಾರಣೆ ವ್ಯರ್ಥ ಎಂಬುದನ್ನು ತೋರಿಸುವುದಕ್ಕಿಂತ ಹೆಚ್ಚಾಗಿ, ದಾಟಬೇಕಾದ ಹೊಸ್ತಿಲು ಸರ್ಕಾರಕ್ಕೆ ಎಷ್ಟು ತಗ್ಗಿನದು ಎಂಬುದನ್ನು ತೋರಿಸುತ್ತದೆ. ‘ಪ್ರಾಬಬಲ್ ಕಾಸ್’, ಅಂದರೆ ಅಪರಾಧ ನಡೆದಿದೆ ಎಂದು ನಂಬಲು ಕಾರಣ, ಇದೆ ಎನ್ನಲು ಸಂಶಯಾತೀತ ಪುರಾವೆಯಿರಲಿ, ಸಾಧ್ಯತೆಗಳ ತಕ್ಕಡಿ ಒಂದು ಕಡೆಗೆ ವಾಲುವಷ್ಟೂ ಬೇಕಾಗಿಲ್ಲ. ಬಂಧನಕ್ಕೋ ತಪಾಸಣೆಗೋ ಈ ಮಟ್ಟ ಸಾಕಾಗಬಹುದು, ಆದರೆ ವರ್ಷಗಟ್ಟಲೆ ನಡೆಯುವ ತಡೆಗೆ ಅದೇ ಅಳತೆ ಬಳಸಿದಾಗ ಪ್ರಶ್ನಿಸುವ ಹಕ್ಕು ಕೊಟ್ಟರೂ ಕೊಡದಿದ್ದರೂ ಫಲ ಒಂದೇ ಆಗುತ್ತದೆ. ಆದ್ದರಿಂದ ಹಕ್ಕಿನ ಚರ್ಚೆಯನ್ನು ವಿಚಾರಣೆ ಇದೆಯೋ ಇಲ್ಲವೋ ಎಂಬಲ್ಲಿಗೆ ನಿಲ್ಲಿಸುವಂತಿಲ್ಲ. ಸಾಬೀತಿನ ಮಟ್ಟ ಯಾವುದು, ಅದನ್ನು ಹೊರಬೇಕಾದವರು ಯಾರು, ತಡೆ ಎಷ್ಟು ಕಾಲ, ಈ ನಡುವೆ ಬದುಕಿಗೂ ವಕೀಲರಿಗೂ ಹಣ ಎಲ್ಲಿಂದ ಬರಬೇಕು ಎಂಬಿಷ್ಟನ್ನೂ ಒಟ್ಟಿಗೆ ಇಟ್ಟು ನೋಡಬೇಕು.

ವಕೀಲರ ಹಣದ ಪ್ರಶ್ನೆ ಹೊಸದಲ್ಲ. ಅಪರಾಧದ ಗಳಿಕೆ ಎಂದು ಆರೋಪಿಸಲಾದ ಹಣದ ಮೇಲೆ, ಅದು ವಕೀಲರ ಶುಲ್ಕಕ್ಕೆಂದು ಮೀಸಲಾಗಿದ್ದರೂ, ಆರೋಪಿಗೆ ಹಕ್ಕಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1989ರ ಜೂನ್ 22ರಂದು ಎರಡು ಪ್ರಕರಣಗಳಲ್ಲಿ 5–4ರ ಅಂತರದಲ್ಲಿ ತೀರ್ಪಿತ್ತಿತ್ತು. ಬ್ಯಾಂಕ್ ದರೋಡೆ ಮಾಡಿದವನು ಕದ್ದ ದುಡ್ಡಿನಲ್ಲಿ ಒಳ್ಳೆಯ ವಕೀಲರನ್ನು ಇಟ್ಟುಕೊಳ್ಳುವಂತಿಲ್ಲ ಎಂಬ ವಾದ ಕೇಳಲು ಸರಳ. ಆದರೆ ಅವನು ದರೋಡೆ ಮಾಡಿದ್ದಾನೆ ಎಂಬುದನ್ನು ಅದು ಮೊದಲೇ ಒಪ್ಪಿಕೊಂಡುಬಿಡುತ್ತದೆ. ಸಾಬೀತಾಗಬೇಕಾದ್ದನ್ನೇ ಬುನಾದಿಯಾಗಿ ಇಟ್ಟುಕೊಂಡ ತರ್ಕ ಇದು. ಇದೇ ನ್ಯಾಯಾಲಯ 2006ರಲ್ಲಿ, ತಾನು ಆಯ್ದುಕೊಂಡ ವಕೀಲರನ್ನು ಆರೋಪಿಗೆ ತಪ್ಪಾಗಿ ನಿರಾಕರಿಸಿದರೆ, ಅದರಿಂದ ಹಾನಿಯಾಯಿತೆಂದು ತೋರಿಸದೆಯೇ ಶಿಕ್ಷೆ ರದ್ದಾಗಬೇಕು ಎಂದು ಹೇಳಿತು. ವಕೀಲರ ಆಯ್ಕೆಗೆ ಅಷ್ಟು ಬೆಲೆ ಕೊಟ್ಟ ಕಾನೂನು, ಆ ಆಯ್ಕೆಯನ್ನು ಖಾತೆಯ ಮೂಲಕ ಕಸಿದುಕೊಂಡಾಗ ಮಾತ್ರ ಕಣ್ಣು ಹೊರಳಿಸುತ್ತದೆ.

2016ರ ಮಾರ್ಚ್ 30ರ ಲೂಯಿಸ್ ತೀರ್ಪು ಒಂದು ಗೆರೆ ಎಳೆಯಿತು. ಸರ್ಕಾರಿ ಆರೋಗ್ಯ ವಿಮೆಯಲ್ಲಿ ಸುಮಾರು 4.5 ಕೋಟಿ ಡಾಲರ್ ವಂಚನೆಯ ಆರೋಪವಿದ್ದ ಮಹಿಳೆಯ ಬಳಿ ಉಳಿದಿದ್ದ 20 ಲಕ್ಷ ಡಾಲರ್ ಅಪರಾಧಕ್ಕೆ ಸಂಬಂಧಿಸಿದ್ದಲ್ಲ ಎಂಬುದು ಒಪ್ಪಿತವಾಗಿತ್ತು. ಆರೋಪದ ಹಣ ಬಹುಪಾಲು ಖರ್ಚಾಗಿರುವುದರಿಂದ ಅದಕ್ಕೆ ಬದಲಾಗಿ ಇದನ್ನು ಹಿಡಿಯಬೇಕು ಎಂದು ಸರ್ಕಾರ ಕೇಳಿತು. ಕಳಂಕವಿಲ್ಲದ ಹಣವನ್ನು ವಕೀಲರಿಗೆ ಬೇಕಾದ ಮಟ್ಟಿಗೆ ತಡೆಹಿಡಿಯುವಂತಿಲ್ಲ ಎಂದು ಎಂಟರಲ್ಲಿ ಐವರು ನ್ಯಾಯಮೂರ್ತಿಗಳು, ಒಂದೇ ಕಾರಣದಿಂದಲ್ಲದಿದ್ದರೂ, ತೀರ್ಮಾನಿಸಿದರು. ಭಿನ್ನಮತದವರ ಆಕ್ಷೇಪಕ್ಕೂ ತೂಕವಿತ್ತು: ಕದ್ದ ಹಣವನ್ನು ಮೊದಲು ಖರ್ಚು ಮಾಡಿ ಸ್ವಂತದ್ದನ್ನು ಉಳಿಸಿಕೊಂಡವನಿಗೆ ರಕ್ಷಣೆ, ಹಾಗೆ ಮಾಡದವನಿಗೆ ಇಲ್ಲ. ವಿಚಿತ್ರವೆಂದರೆ ಕೇಲಿ ತೀರ್ಪು ಬರೆದ ಕೇಗನ್ ಅವರೇ ಇಲ್ಲಿ ಭಿನ್ನಮತದಲ್ಲಿದ್ದುಕೊಂಡು, 1989ರ ತೀರ್ಪಿನ ಬುಡವೇ ತಮಗೆ ಕಸಿವಿಸಿ ಉಂಟುಮಾಡುತ್ತದೆ ಎಂಬರ್ಥದ ಮಾತು ಬರೆದರು.

ಭಾರತದ ಚಿತ್ರ ಬೇರೆ. ಗ್ರ್ಯಾಂಡ್ ಜ್ಯೂರಿ ಇಲ್ಲಿಲ್ಲ, ಆ ಜಾಗದಲ್ಲಿ ಅಧಿಕಾರಿಯ ‘ನಂಬಲು ಕಾರಣ’ ಇದೆ. 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಜಾರಿ ನಿರ್ದೇಶನಾಲಯದ ಉಪ ನಿರ್ದೇಶಕ ದರ್ಜೆಗಿಂತ ಕೆಳಗಿಲ್ಲದ ಅಧಿಕಾರಿ ಕಾರಣಗಳನ್ನು ಲಿಖಿತವಾಗಿ ದಾಖಲಿಸಿ 180 ದಿನಗಳವರೆಗೆ ಆಸ್ತಿಯನ್ನು ತಾತ್ಕಾಲಿಕವಾಗಿ ಜಪ್ತಿ ಮಾಡಬಹುದು. 30 ದಿನಗಳೊಳಗೆ ನ್ಯಾಯನಿರ್ಣಯ ಪ್ರಾಧಿಕಾರಕ್ಕೆ ದೂರು ಸಲ್ಲಿಸಬೇಕು, ಪ್ರಾಧಿಕಾರ ಉತ್ತರಿಸಲು ಕನಿಷ್ಠ 30 ದಿನಗಳ ಕಾಲ ಕೊಟ್ಟು ನೋಟಿಸ್ ಜಾರಿ ಮಾಡುತ್ತದೆ. ಜಪ್ತಿ ದೃಢಪಟ್ಟರೆ 45 ದಿನಗಳೊಳಗೆ ಮೇಲ್ಮನವಿ ನ್ಯಾಯಮಂಡಳಿಗೆ, ಅಲ್ಲಿಂದ 60 ದಿನಗಳೊಳಗೆ ಹೈಕೋರ್ಟಿಗೆ ಹೋಗಬಹುದು. ಮೆಟ್ಟಿಲುಗಳ ಎಣಿಕೆಯಲ್ಲಿ ನಮ್ಮದು ಅಮೆರಿಕದ ವ್ಯವಸ್ಥೆಗಿಂತ ಉದಾರವೇ.

ಆದರೆ ಮೆಟ್ಟಿಲುಗಳ ಮೇಲೆ ಏನು ಕೇಳಲಾಗುತ್ತದೆ ಎಂದು ನೋಡಬೇಕು. ನೋಟಿಸ್ ಕೇಳುವುದು, ಈ ಆಸ್ತಿಯನ್ನು ಯಾವ ಆದಾಯದಿಂದ ಕೊಂಡಿರಿ ಎಂದು. ವಿವರಣೆಯ ಹೊರೆ ಮೊದಲ ದಿನವೇ ಆಸ್ತಿಯವನ ಹೆಗಲಿಗೆ ಬೀಳುತ್ತದೆ, 24ನೇ ಸೆಕ್ಷನ್ ಅದನ್ನು ಇನ್ನಷ್ಟು ಬಿಗಿಗೊಳಿಸುತ್ತದೆ. ಈ ಚೌಕಟ್ಟನ್ನು ಸುಪ್ರೀಂ ಕೋರ್ಟ್ 2022ರ ಜುಲೈ 27ರ ವಿಜಯ್ ಮದನ್‌ಲಾಲ್ ಚೌಧರಿ ತೀರ್ಪಿನಲ್ಲಿ ಎತ್ತಿಹಿಡಿಯಿತು. ಅದೇ ತೀರ್ಪು ಎರಡು ಮಿತಿಗಳನ್ನೂ ಹಾಕಿತು: ವಿಚಾರಣೆ ಮುಗಿಯುವ ಮುನ್ನ ಆಸ್ತಿಯ ಸ್ವಾಧೀನ ಪಡೆಯುವುದು ಅಪವಾದವಾಗಿರಬೇಕೇ ಹೊರತು ನಿಯಮವಾಗಬಾರದು, ಆ ಹಣ ಹುಟ್ಟಿದ ಮೂಲ ಅಪರಾಧದಿಂದ ಆರೋಪಿ ಖುಲಾಸೆಯಾದರೆ ಹಣ ಅಕ್ರಮ ವರ್ಗಾವಣೆಯ ಮೊಕದ್ದಮೆಯೂ ಬಿದ್ದುಹೋಗುತ್ತದೆ. ‘ನಂಬಲು ಕಾರಣ’ ಏನೆಂಬುದನ್ನು ಬಾಧಿತನಿಗೆ ತಿಳಿಸಲೇಬೇಕು ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತ್ತು. ಕಾರಣ ಗೊತ್ತಿಲ್ಲದೆ ಉತ್ತರ ಬರೆಯುವುದು ಪ್ರಶ್ನೆಪತ್ರಿಕೆ ಇಲ್ಲದೆ ಪರೀಕ್ಷೆ ಬರೆದಂತೆ, ಆದ್ದರಿಂದ ಪ್ರಶ್ನಿಸುವ ಹಕ್ಕಿನ ಮೊದಲ ತುಂಡು ಇದೇ ಎಂದು ನನಗೆ ತೋರುತ್ತದೆ. ಬ್ಯಾಂಕಿಗೆ ಒಂದು ಪತ್ರ ಬರೆದು ಖಾತೆ ನಿಲ್ಲಿಸಿದ ಕ್ರಮವನ್ನು, ಕಾಯ್ದೆ ಹೇಳಿದ ವಿಧಾನವನ್ನು ಅನುಸರಿಸಿಲ್ಲ ಎಂಬ ಕಾರಣಕ್ಕೆ, ಸುಪ್ರೀಂ ಕೋರ್ಟ್ 2021ರ ಆಪ್ಟೋ ಸರ್ಕ್ಯೂಟ್ ಪ್ರಕರಣದಲ್ಲಿ ತಳ್ಳಿಹಾಕಿದ್ದೂ ಈ ಸಾಲಿಗೆ ಸೇರುತ್ತದೆ.

ಲೂಯಿಸ್ ಪ್ರಕರಣ ಎಳೆದ ಗೆರೆ ಮಾತ್ರ ನಮ್ಮಲ್ಲಿಲ್ಲ. ಅಪರಾಧದಿಂದ ಬಂದ ಆಸ್ತಿಯಷ್ಟೇ ಅಲ್ಲ, ಅದರ ‘ಮೌಲ್ಯ’ವೂ ಅಪರಾಧದ ಗಳಿಕೆ ಎಂದು ಕಾಯ್ದೆಯ 2ನೇ ಸೆಕ್ಷನ್ ವ್ಯಾಖ್ಯಾನಿಸುತ್ತದೆ. ಮೂಲ ಹಣ ಸಿಗದಿದ್ದರೆ ಅಷ್ಟೇ ಬೆಲೆಬಾಳುವ ಬೇರೆ ಆಸ್ತಿಯನ್ನು, ಅದನ್ನು ದುಡಿದು ಗಳಿಸಿದ್ದರೂ, ಕಟ್ಟಿಹಾಕಲು ಈ ಒಂದು ಪದ ದಾರಿ ಮಾಡಿಕೊಡುತ್ತದೆ. ಅಲ್ಲಿಗೆ ಆಸ್ತಿಗೂ ಅಪರಾಧಕ್ಕೂ ಏನು ಸಂಬಂಧ ಎಂಬ ಮೊದಲ ಪ್ರಶ್ನೆಯೂ ಆರೋಪಿಯ ಕೈಯಿಂದ ಬಹುಪಾಲು ಜಾರುತ್ತದೆ. ಉಳಿಯುವುದು ಆರೋಪದ ಬಲಾಬಲದ ಪ್ರಶ್ನೆ, ಅದನ್ನು ಪ್ರಾಧಿಕಾರದ ಮುಂದೆ ಮೇಲ್ನೋಟಕ್ಕಷ್ಟೇ ನೋಡಲಾಗುತ್ತದೆ.

ಪೊಲೀಸರು ತಡೆಹಿಡಿಯುವ ಖಾತೆಗಳ ವಿಷಯಕ್ಕೆ ಬಂದರೆ ರಕ್ಷಣೆ ಇನ್ನೂ ತೆಳು. ಬ್ಯಾಂಕ್ ಖಾತೆಯೂ ಪೊಲೀಸರು ವಶಪಡಿಸಿಕೊಳ್ಳಬಹುದಾದ ‘ಸ್ವತ್ತು’ ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ತಾಪಸ್ ನಿಯೋಗಿ ಪ್ರಕರಣದಲ್ಲಿ ಹೇಳಿತು, ಸ್ಥಿರಾಸ್ತಿ ಆ ಅಧಿಕಾರಕ್ಕೆ ಒಳಪಡುವುದಿಲ್ಲ ಎಂದು 2019ರಲ್ಲಿ ಸ್ಪಷ್ಟಪಡಿಸಿತು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 102ನೇ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 106ನೇ ಸೆಕ್ಷನ್ ಆಗಿದೆ. ಖಾತೆದಾರನಿಗೆ ಮುನ್ಸೂಚನೆ ಕೊಡಬೇಕೆಂದು ಅದು ಹೇಳುವುದಿಲ್ಲ, ವಶಪಡಿಸಿಕೊಂಡ ಸಂಗತಿಯನ್ನು ‘ಕೂಡಲೇ’ ಮ್ಯಾಜಿಸ್ಟ್ರೇಟರಿಗೆ ತಿಳಿಸಬೇಕು ಎನ್ನುತ್ತದೆ. ತಿಳಿಸುವುದು ತಡವಾದರೂ ವಶಪಡಿಸಿಕೊಂಡ ಕ್ರಮ ಅಷ್ಟಕ್ಕೇ ಅಸಿಂಧುವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರಲ್ಲಿ ತೀರ್ಪಿತ್ತಿದೆ. ಸೈಬರ್ ವಂಚನೆಯ ಹಣ ದಾಟಿಹೋದ ಸರಪಳಿಯಲ್ಲಿ ಎಲ್ಲೋ ಮೂರನೆಯ, ನಾಲ್ಕನೆಯ ಕೊಂಡಿಯಾಗಿರುವವನಿಗೆ, ಸರಕು ಮಾರಿ ಹಣ ಪಡೆದ ವ್ಯಾಪಾರಿಗೂ ಕೂಡ, ತನ್ನ ಖಾತೆ ನಿಂತಿರುವುದು ಗೊತ್ತಾಗುವುದು ಪಾವತಿ ವಿಫಲವಾದಾಗ. ತಡೆಹಿಡಿದ ಠಾಣೆ ಬೇರೆ ರಾಜ್ಯದ್ದಾಗಿರಬಹುದು. ವಿವಾದಿತ ಮೊತ್ತ ಸಣ್ಣದಾಗಿದ್ದರೂ ಇಡೀ ಖಾತೆ ನಿಲ್ಲುವುದುಂಟು. ಅಂಥವನು ಆರೋಪಿಯೂ ಅಲ್ಲದಿರುವುದರಿಂದ ಆರೋಪಿಗೆ ಸಿಗುವ ಮೊಕದ್ದಮೆಯ ದಾಖಲೆಗಳ ನಕಲುಗಳೂ ಅವನಿಗೆ ಸಿಗುವುದಿಲ್ಲ.

ಹೊಸ ಸಂಹಿತೆಯ 107ನೇ ಸೆಕ್ಷನ್ ಈ ದೃಷ್ಟಿಯಿಂದ ಮುಖ್ಯವಾದದ್ದು. ಅಪರಾಧದ ಗಳಿಕೆಯನ್ನು ಜಪ್ತಿ ಮಾಡಲು ತನಿಖಾಧಿಕಾರಿ ಪೊಲೀಸ್ ಸೂಪರಿಂಟೆಂಡೆಂಟ್ ಅಥವಾ ಕಮಿಷನರ್ ಅನುಮೋದನೆ ಪಡೆದು ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು, ನ್ಯಾಯಾಲಯ 14 ದಿನಗಳ ಕಾರಣ ಕೇಳಿ ನೋಟಿಸ್ ಕೊಡಬಹುದು, ನೋಟಿಸ್ ಕೊಟ್ಟರೆ ಉದ್ದೇಶವೇ ಕೆಡುತ್ತದೆ ಎನಿಸಿದರೆ ಏಕಪಕ್ಷೀಯ ಮಧ್ಯಂತರ ಆದೇಶ ಹೊರಡಿಸಬಹುದು. ನ್ಯಾಯಾಧೀಶರನ್ನು ನಡುವೆ ತಂದದ್ದು ಒಳ್ಳೆಯದೇ. ಆದರೆ ವಿಚಾರಣೆ ಮುಗಿಯುವ ಮುನ್ನವೇ ಈ ಹಣವನ್ನು ಜಿಲ್ಲಾ ಮ್ಯಾಜಿಸ್ಟ್ರೇಟರ ಮೂಲಕ ಸಂತ್ರಸ್ತರಿಗೆ ಹಂಚಲೂ ಅದೇ ಸೆಕ್ಷನ್ ಅವಕಾಶ ಕೊಡುವಂತಿದೆ. ಹಂಚಿಹೋದ ಹಣವನ್ನು ಖುಲಾಸೆಯಾದ ಆರೋಪಿಗೆ ಯಾರಿಂದ ವಾಪಸ್ ಕೊಡಿಸಬೇಕು? ‘ತಾತ್ಕಾಲಿಕ’ ಎಂಬ ಪದ ಅಲ್ಲಿಗೆ ಅರ್ಥ ಕಳೆದುಕೊಳ್ಳುತ್ತದೆ.

ಜೀವನ ನಿರ್ವಹಣೆ ಮತ್ತು ವಕೀಲರ ಶುಲ್ಕವನ್ನು ದೇಶಗಳು ಬೇರೆ ಬೇರೆಯಾಗಿ ಬಿಡಿಸಿಕೊಂಡಿವೆ. ಇಂಗ್ಲೆಂಡಿನ 2002ರ ಕಾಯ್ದೆ ತಡೆಹಿಡಿದ ಆಸ್ತಿಯಿಂದ ನ್ಯಾಯವಾದ ಜೀವನ ವೆಚ್ಚಕ್ಕೆ ಬಿಡುಗಡೆ ಕೊಡುತ್ತದೆ, ಅದೇ ಆರೋಪವನ್ನು ಎದುರಿಸುವ ವಕೀಲರ ವೆಚ್ಚಕ್ಕೆ ಕೊಡುವುದಿಲ್ಲ, ಅದಕ್ಕೆ ಸರ್ಕಾರಿ ಕಾನೂನು ನೆರವಿನ ಮೊರೆ ಹೋಗಬೇಕು. ಖುಲಾಸೆಯಾದವನು ಪರಿಹಾರ ಕೇಳಬೇಕಾದರೆ ತನಿಖೆಯಲ್ಲಿ ಗಂಭೀರ ಲೋಪವಾಗಿತ್ತೆಂದು ತೋರಿಸಬೇಕು. ಕೆನಡಾ ಬೇರೆ ದಾರಿ ಹಿಡಿದಿದೆ. ಅಲ್ಲಿನ ದಂಡ ಸಂಹಿತೆಯ ಪ್ರಕಾರ ನ್ಯಾಯಾಧೀಶರು ತಡೆಹಿಡಿದ ಹಣದಿಂದ ನ್ಯಾಯವಾದ ವಕೀಲ ಶುಲ್ಕಕ್ಕೆ ಬಿಡುಗಡೆ ಮಾಡಬಹುದು, ಆ ಶುಲ್ಕ ಎಷ್ಟಿರಬೇಕು ಎಂಬುದನ್ನು ಸರ್ಕಾರದ ಪರ ವಕೀಲರನ್ನು ಹೊರಗಿಟ್ಟು ನಿರ್ಧರಿಸಬಹುದು, ಪ್ರತಿವಾದದ ತಂತ್ರ ಎದುರಾಳಿಗೆ ಸೋರಬಾರದಲ್ಲ. ಹೀಗೆ ಬಿಡುಗಡೆಯಾದ ಹಣವನ್ನು ಪ್ರಾಮಾಣಿಕವಾಗಿ ವಕೀಲರಿಗೇ ಖರ್ಚು ಮಾಡಿದ್ದರೆ, ಆರೋಪಿಗೆ ಶಿಕ್ಷೆಯಾದ ಮೇಲೂ ಸಾಮಾನ್ಯವಾಗಿ ಅದನ್ನು ದಂಡದ ರೂಪದಲ್ಲಿ ಮರಳಿ ವಸೂಲಿ ಮಾಡಬಾರದು ಎಂದು ಕೆನಡಾದ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಸಂತ್ರಸ್ತರಿಗೆ ಇದರಿಂದ ಸ್ವಲ್ಪ ನಷ್ಟವಾಗಬಹುದು ಎಂಬ ಆಕ್ಷೇಪ ನಿಜ. ಆದರೆ ಎಲ್ಲ ದಾರಿಗಳಲ್ಲೂ ಯಾರಿಗಾದರೂ ನಷ್ಟವಿದೆ, ಕೆನಡಾ ಅದನ್ನು ಲೆಕ್ಕಹಾಕಿ ಮಿತಿಗೊಳಿಸಿದೆ ಎಂಬುದಕ್ಕೆ ನಾನು ಅದರ ಪಕ್ಷ.

ಉಚಿತ ಕಾನೂನು ನೆರವು ಇರುವಾಗ ಇಷ್ಟೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಹಣಕಾಸಿನ ಅಪರಾಧಗಳಲ್ಲಿ ದಾಖಲೆಗಳು ಸಾವಿರಾರು ಪುಟ ಇರುತ್ತವೆ, ಲೆಕ್ಕಪರಿಶೋಧಕರ ನೆರವಿಲ್ಲದೆ ಅವುಗಳ ತಲೆಬುಡ ತಿಳಿಯುವುದಿಲ್ಲ. ನೆರವಿನ ವಕೀಲರ ಸಾಮರ್ಥ್ಯವನ್ನು ಕಡೆಗಣಿಸದೆಯೇ ಹೇಳಬಹುದಾದ್ದು, ಅವರಿಗೆ ಸಿಗುವ ಸಮಯ ಮತ್ತು ಸಂಪನ್ಮೂಲ ಎದುರು ಪಕ್ಷದ್ದಕ್ಕೆ ಸಾಟಿಯಾಗುವುದು ಅಪರೂಪ. ಇನ್ನೊಂದು ಪರಿಣಾಮ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ವರ್ಷಗಟ್ಟಲೆ ಆಸ್ತಿ ಕಟ್ಟಿಹೋದವನಿಗೆ, ತಪ್ಪೊಪ್ಪಿಕೊಂಡು ಒಂದು ಪಾಲನ್ನಾದರೂ ಬಿಡಿಸಿಕೊಳ್ಳುವುದು ಹೋರಾಡುವುದಕ್ಕಿಂತ ಲೇಸು ಎನಿಸತೊಡಗುತ್ತದೆ. ತಪ್ಪೊಪ್ಪಿಗೆಯ ಚೌಕಾಸಿಯಲ್ಲೇ ಬಹುಪಾಲು ಮೊಕದ್ದಮೆಗಳು ಮುಗಿಯುವ ಅಮೆರಿಕದಲ್ಲಿ ಈ ಒತ್ತಡದ ತೂಕ ಹೆಚ್ಚು.

ಜಂಟಿ ಖಾತೆಯ ಸಂಗಾತಿ, ಸಾಲ ಕೊಟ್ಟ ಬ್ಯಾಂಕು ಮೊದಲಾದ ಮೂರನೆಯವರಿಗೆ ಅಮೆರಿಕದ ಫೆಡರಲ್ ಕಾನೂನು ಮೊಕದ್ದಮೆಯ ನಡುವೆ ತಲೆಹಾಕಲು ಬಿಡುವುದಿಲ್ಲ, ಶಿಕ್ಷೆಯ ನಂತರದ ಪ್ರತ್ಯೇಕ ಕಲಾಪದವರೆಗೆ ಕಾಯಿರಿ ಎನ್ನುತ್ತದೆ. ನಮ್ಮ ಪ್ರಾಧಿಕಾರದ ಮುಂದೆ ಅವರಿಗೆ ಮೊದಲೇ ಮಾತಾಡಲು ಅವಕಾಶವಿದೆ, ಈ ವಿಷಯದಲ್ಲಿ ನಮ್ಮ ಕಾಯ್ದೆ ಮೇಲು.

ನಮ್ಮ ಸಂವಿಧಾನದ 22ನೇ ವಿಧಿಯ ಮೊದಲ ಉಪವಿಧಿ ಬಂಧಿತನಿಗೆ ‘ತನ್ನ ಆಯ್ಕೆಯ’ ವಕೀಲರಿಂದ ಪ್ರತಿವಾದ ಮಾಡಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ. ವಕೀಲರ ನೆರವಿನ ಹಕ್ಕು ಕೊಡುವ ಅಮೆರಿಕದ ಸಂವಿಧಾನದ ಆರನೇ ತಿದ್ದುಪಡಿಯಲ್ಲಿ ‘ಆಯ್ಕೆ’ ಎಂಬ ಪದವಿಲ್ಲ, ಅಲ್ಲಿನ ನ್ಯಾಯಾಲಯಗಳು ಅದನ್ನು ವ್ಯಾಖ್ಯಾನದ ಮೂಲಕ ತಂದುಕೊಂಡವು. ನಮ್ಮಲ್ಲಿ ಅದು ಸಂವಿಧಾನದ ಪಠ್ಯದಲ್ಲೇ ಇದೆ. ಆದರೂ ತಡೆಹಿಡಿದ ಹಣದಿಂದ ವಕೀಲರ ಶುಲ್ಕಕ್ಕೆ ಇಷ್ಟನ್ನು ಬಿಡಬೇಕು ಎಂಬ ಸಾಲು ನಮ್ಮ 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯಲ್ಲೂ ಇಲ್ಲ, 107ನೇ ಸೆಕ್ಷನ್‌ನಲ್ಲೂ ಇಲ್ಲ. ಜಪ್ತಿಯಾದ ಮನೆಯಲ್ಲಿ ವಾಸ ಮುಂದುವರಿಸಲು ಅಡ್ಡಿಯಿಲ್ಲ ಎಂದು 5ನೇ ಸೆಕ್ಷನ್‌ನ ನಾಲ್ಕನೇ ಉಪಸೆಕ್ಷನ್ ಹೇಳುತ್ತದೆ. ಆ ಮನೆಯ ಮೇಲೆ ಸಾಲ ತೆಗೆದು ವಕೀಲರಿಗೆ ಕೊಡಬಹುದೇ ಎಂದು ಅದು ಹೇಳುವುದಿಲ್ಲ.